ಆಲ್ಪ್ಸ್‌ನ ಕಂದು ಹಸು ಮಲೆನಾಡಿಗೆ ಒಗ್ಗುತ್ತದೆಯೇ?

ಪ್ರಶ್ನೆ: ನಾವು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು. ಕೊಟ್ಟಿಗೆಯಲ್ಲಿ ನಾಲ್ಕು ಮಲೆನಾಡು ಗಿಡ್ಡ, ಎರಡು ಜರ್ಸಿ ಮಿಶ್ರತಳಿ ಹಸುಗಳಿವೆ. ಒಂದೂವರೆ ಎಕರೆ ನೇಪಿಯರ್ ಹುಲ್ಲಿದೆ. ಮಗಳನ್ನು ನೋಡಲು ಸ್ವಿಟ್ಜರ್ಲೆಂಡ್‌ಗೆ ಹೋದಾಗ ಗುಡ್ಡದ ಮೇಲೆ ಗಂಟೆ ಕಟ್ಟಿಕೊಂಡು ಮೇಯುತ್ತಿದ್ದ ಕಂದು ಹಸುಗಳನ್ನು ಕಂಡೆವು. ಹಾಲಿಗೂ ಮಾಂಸಕ್ಕೂ ಅದೇ ತಳಿಯನ್ನು ಸಾಕುತ್ತಾರಂತೆ. ಊರಿಗೆ ಬಂದ ಮೇಲೆ ಒಬ್ಬರು ಆ ತಳಿಯ ‘ಶುದ್ಧ ಸ್ವಿಸ್’ ವೀರ್ಯದ ಕಡ್ಡಿ (ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯ ತುಂಬಿದ ಸಣ್ಣ ಕೊಳವೆ) ತರಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಬರೀ ಹುಲ್ಲಿನ ಮೇಲೆ ದಿನಕ್ಕೆ 30 ಲೀಟರ್ ಹಾಲು, ಎಲ್ಲವೂ ಎ2 (ಹಾಲಿನ ಬೀಟಾ-ಕೇಸೀನ್ ಪ್ರೋಟೀನಿನ ಒಂದು ರೂಪ), ಗುಡ್ಡದ ತಳಿಯಾದ್ದರಿಂದ ನಮ್ಮ ಹವೆಗೆ ಸರಿಹೊಂದುತ್ತದೆ, ಕಾಯಿಲೆ ಕಡಿಮೆ ಎಂಬುದು ಅವರ ಮಾತು. ನಂಬಬಹುದೇ? ಗಿಡ್ಡಕ್ಕೂ ಕೊಡಿಸಬಹುದೇ? ಗಂಡು ಕರು ಹುಟ್ಟಿದರೆ ಏನು ಮಾಡುವುದು?

ಉತ್ತರ: ಮೊದಲು ನೇರ ಮಾತು. ಗಿಡ್ಡಕ್ಕೆ ಈ ವೀರ್ಯ ಕೊಡಿಸಲೇಬೇಡಿ. ಶುದ್ಧ ತಳಿಯನ್ನು ಸಾಕುವ ಆಸೆಯನ್ನೂ ಬಿಡಿ. ಜರ್ಸಿ ಮಿಶ್ರತಳಿ ಹಸುಗಳ ವಿಷಯದಲ್ಲಿ ಮಾತ್ರ ಒಂದು ಒಳ್ಳೆಯ ದಾರಿಯಿದೆ. ಅದು ನಿಮಗೆ ಹೇಳಿದ ದಾರಿಯಲ್ಲ.

ನೀವು ನೋಡಿದ್ದು ಬ್ರೌನ್‌ವೀ ಎಂಬ ತಳಿ. ಮಧ್ಯ ಮತ್ತು ಪೂರ್ವ ಸ್ವಿಟ್ಜರ್ಲೆಂಡ್‌ನದು. ಷ್ವೀಟ್ಸ್ ಪ್ರಾಂತ್ಯದ ಹೆಸರಿನಲ್ಲೇ ಹಿಂದೆ ಇದನ್ನು ಗುರುತಿಸುತ್ತಿದ್ದರು. ಬೂದಿಗಂದಿನಿಂದ ಕಡುಗಂದಿನವರೆಗಿನ ಮೈಬಣ್ಣ, ಕಪ್ಪು ಮೂತಿ, ಮೂತಿಯ ಸುತ್ತ ಹಿಟ್ಟು ಸವರಿದಂಥ ಬಿಳಿ ಪಟ್ಟಿ, ಗಟ್ಟಿಯಾದ ಕಪ್ಪು ಗೊರಸು. ಆದರೆ ಈ ಮೈಬಣ್ಣದ ಹಿಂದೆ ಇಂದು ಎರಡು ಬೇರೆ ಹಸುಗಳಿವೆ. ಕಡ್ಡಿ ಮಾರುವವರು ಹೇಳದೆ ಬಿಡುವ ಮೊದಲ ಸಂಗತಿ ಇದೇ.

1869ರಲ್ಲಿ ಈ ತಳಿಯ ಒಂದು ಹೋರಿ ಮತ್ತು ಏಳು ಹೆಣ್ಣು ದನಗಳು ಅಮೆರಿಕದ ಮ್ಯಾಸಚೂಸೆಟ್ಸ್‌ಗೆ ಹೋದವು. ಆಮೇಲೆ ಇನ್ನಷ್ಟು ಹೋದರೂ ಒಟ್ಟು ಸಂಖ್ಯೆ ಇನ್ನೂರನ್ನೂ ದಾಟಲಿಲ್ಲ. ಆ ಸಣ್ಣ ಗುಂಪಿನಿಂದಲೇ ಅಮೆರಿಕದವರು ತಲೆಮಾರುಗಟ್ಟಲೆ ಹಾಲೊಂದನ್ನೇ ನೋಡಿ ಆರಿಸುತ್ತಾ ಬಂದರು. ಹಸು ಎತ್ತರವಾಯಿತು, ತೆಳ್ಳಗಾಯಿತು, ಕೆಚ್ಚಲು ದೊಡ್ಡದಾಯಿತು. ಅದೇ ಬ್ರೌನ್ ಸ್ವಿಸ್. 1960ರ ದಶಕದಿಂದ ಸ್ವಿಸ್ ರೈತರೇ ಅಮೆರಿಕದ ಆ ವೀರ್ಯವನ್ನು ತರಿಸಿ ತಮ್ಮ ಹಸುಗಳಿಗೆ ಕೊಡಿಸಿದರು. ಇಂದು ಅಲ್ಲಿನ ಕಂದು ಹಸುಗಳ ಬಹುಪಾಲು ಈ ಮಿಶ್ರಣವೇ. ಅಮೆರಿಕದ ರಕ್ತ ಬೆರೆಯದೆ ಉಳಿದದ್ದಕ್ಕೆ ಒರಿಜಿನಲ್ ಬ್ರೌನ್‌ವೀ ಎನ್ನುತ್ತಾರೆ. ಅದು ಕುಳ್ಳು, ಅಗಲ, ತೊಡೆ ತುಂಬಿದ ಹಸು. ಹಾಲಿಗೂ ಮಾಂಸಕ್ಕೂ ಸಾಕುವ ಹಳೆಯ ತಳಿ ಎಂದು ನಿಮಗೆ ಹೇಳಿದ್ದು ನಿಜವಾಗಿ ಒಪ್ಪುವುದು ಇದಕ್ಕೆ. ನಮ್ಮ ದೇಶದಲ್ಲಿ ‘ಬ್ರೌನ್ ಸ್ವಿಸ್’ ಹೆಸರಿನಲ್ಲಿ ಕೈಗೆ ಸಿಗುವ ವೀರ್ಯ ಸಾಮಾನ್ಯವಾಗಿ ಹಾಲಿನ ಸಾಲಿನದು. ಅಂದರೆ ನೀವು ಮೆಚ್ಚಿದ ಹಸು ಒಂದು, ಕಡ್ಡಿಯಲ್ಲಿ ಬರುವ ಹಸು ಇನ್ನೊಂದು ಆಗುವ ಸಂಭವವೇ ಹೆಚ್ಚು.

ಈಗ 30 ಲೀಟರಿನ ಮಾತು. ಒರಿಜಿನಲ್ ಬ್ರೌನ್‌ವೀ ಒಂದು ಸೂಲಿಗೆ ಸುಮಾರು 6,000 ಕಿಲೋ ಹಾಲು ಕೊಡುತ್ತದೆ. 305 ದಿನಕ್ಕೆ ಹಂಚಿದರೆ ದಿನಕ್ಕೆ 20 ಕಿಲೋ ಬಳಿ ಬಂತು. ಹಾಲಿನ ಸಾಲಿನ ಬ್ರೌನ್ ಸ್ವಿಸ್ ಇದಕ್ಕಿಂತ ಒಂದೆರಡು ಸಾವಿರ ಕಿಲೋ ಮುಂದೆ. ಕರು ಹಾಕಿದ ಎರಡನೇ ತಿಂಗಳಲ್ಲಿ ಒಳ್ಳೆಯ ಹಸು 30 ದಾಟುವುದು ನಿಜ, ಆದರೆ ಅದು ಆ ಕೆಲವು ವಾರಗಳ ಮಾತು. ಹಸು ಆಗ ಇರುವುದೂ ಕಣಿವೆಯ ಕೊಟ್ಟಿಗೆಯಲ್ಲಿ. ತಿನ್ನುವುದು ಒಣಹುಲ್ಲು, ಅದರ ಜೊತೆ ಕಾಳಿನ ಆಹಾರ. ನೀವು ಕಂಡ ಗುಡ್ಡದ ಮೇವಿನ ಕಾಲದಲ್ಲಿ ಹಾಲು ಇಳಿದಿರುತ್ತದೆ. ಬೇಸಗೆಯಲ್ಲಿ ಮೇಲೆ ಹೋಗುವ ಹಸುಗಳು ಚಳಿಗಾಲದ ಹೊತ್ತಿಗೆ ಕರು ಹಾಕುವಂತೆ ಅನೇಕರು ಹೊಂದಿಸಿಕೊಂಡಿರುತ್ತಾರೆ. ಹಾಗಾಗಿ ಗುಡ್ಡ ಹತ್ತುವಾಗ ಸೂಲಿನ ಕೊನೆಯ ಭಾಗ ಬಂದಿರುತ್ತದೆ, ಹಾಲು ಕಡಿಮೆಯಾದರೂ ಹಸು ಸೊರಗುವುದಿಲ್ಲ.

ಈ ಹೊಂದಾಣಿಕೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ತಳಿಯನ್ನು ರೂಪಿಸಿದ್ದೇ ಅದು. ಮೇ ಕೊನೆ, ಜೂನ್ ಹೊತ್ತಿಗೆ ಹಿಂಡು ಕಣಿವೆಯಿಂದ ಮೇಲೇರುತ್ತದೆ, ಎಷ್ಟೋ ಕಡೆ ನಡುಎತ್ತರದ ಹುಲ್ಲುಗಾವಲಿನಲ್ಲಿ ಕೆಲವು ವಾರ ತಂಗಿ. ಜುಲೈ, ಆಗಸ್ಟ್‌ನಲ್ಲಿ 1,500 ರಿಂದ 2,500 ಮೀಟರ್ ಎತ್ತರದಲ್ಲಿರುತ್ತದೆ. ಸೆಪ್ಟೆಂಬರ್‌ನಲ್ಲಿ ಇಳಿಯುತ್ತದೆ. ಒಟ್ಟು ನೂರು ದಿನದ ಆಸುಪಾಸು. ಆ ನೂರು ದಿನ ಕೆಳಗಿನ ಹೊಲ ಖಾಲಿ ಇರುವುದರಿಂದ ಅಲ್ಲಿ ಚಳಿಗಾಲಕ್ಕೆ ಒಣಹುಲ್ಲು ಮಾಡಿಕೊಳ್ಳಲು ಸಾಧ್ಯ. ಮೇಲೆ ಸಿಗುವುದು ಎಳೆಯ, ನವಿರಾದ, ಕ್ಲೋವರ್ ಬೆರೆತ ತಂಪು ನಾಡಿನ ಹುಲ್ಲು. ಅದರ ಜೀರ್ಣವಾಗುವ ಪಾಲು ನೂರಕ್ಕೆ 70ರ ಹತ್ತಿರ. ಹಾಲನ್ನು ದಿನವೂ ಕೆಳಗಿಳಿಸುವುದು ಕಷ್ಟವಾದ್ದರಿಂದ ಅಲ್ಲೇ ಗಿಣ್ಣು (ಚೀಸ್) ಮಾಡುತ್ತಾರೆ. ಈ ತಳಿಯ ಹಾಲಿನಲ್ಲಿ ಕಪ್ಪಾ-ಕೇಸೀನ್ ಎಂಬ ಪ್ರೋಟೀನಿನ ಬಿ ರೂಪ ಹೆಚ್ಚು. ಅದರಿಂದ ಹಾಲು ಬೇಗ, ಗಟ್ಟಿಯಾಗಿ ಒಡೆದು ಹೆಚ್ಚು ಚೀಸ್ ಸಿಗುತ್ತದೆ. ಮಧ್ಯ ಸ್ವಿಟ್ಜರ್ಲೆಂಡ್‌ನ ಸ್ಬ್ರಿಂಟ್ಸ್ ಎಂಬ ಗಟ್ಟಿ ಚೀಸ್ ಈ ಹಸುವಿನ ನಾಡಿನದೇ. ನಿಮ್ಮ ಡೈರಿಯಲ್ಲಿ ಹಣ ಕೊಡುವುದು ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ. ಹಾಲು ಚೆನ್ನಾಗಿ ಒಡೆಯುತ್ತದೆ ಎಂಬ ಗುಣಕ್ಕೆ ಅಲ್ಲಿ ಒಂದು ಪೈಸೆಯೂ ಸಿಗದು.

ಇನ್ನು ಮಾಂಸ. ಇದನ್ನು ಬಿಟ್ಟು ಈ ತಳಿಯ ಲೆಕ್ಕ ಅರ್ಥವಾಗುವುದಿಲ್ಲ. ಅಲ್ಲಿ ಗಂಡು ಕರುವನ್ನು ಎಳೆಗರುವಾಗಿದ್ದಾಗಲೇ ಮಾಂಸಕ್ಕೆ ಮಾರುತ್ತಾರೆ, ಇಲ್ಲವೇ ಒಂದೂವರೆ ವರ್ಷದೊಳಗೆ 500 ಕಿಲೋ ದಾಟುವಂತೆ ಮೇಯಿಸಿ ಕೊಡುತ್ತಾರೆ. ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು ತೂಕ ಏರುತ್ತದೆ. ಮುದಿ ಹಸುವೂ ಕೊನೆಗೆ ಒಳ್ಳೆಯ ಬೆಲೆ ತರುತ್ತದೆ. ಹಾಲಿನಲ್ಲಿ ಹೋಲ್‌ಸ್ಟೀನ್‌ಗಿಂತ ಹಿಂದಿದ್ದರೂ ಅಲ್ಲಿನ ರೈತ ಇದನ್ನು ಉಳಿಸಿಕೊಂಡಿರುವುದಕ್ಕೆ ಈ ಎರಡನೇ ಆದಾಯ ಒಂದು ದೊಡ್ಡ ಕಾರಣ. ಕರ್ನಾಟಕದಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆಯ ಪ್ರಕಾರ ಹಸು, ಹೋರಿ, ಎತ್ತು, ಕರು ಯಾವುದನ್ನೂ ವಯಸ್ಸು ಎಷ್ಟೇ ಆಗಿರಲಿ ಕಡಿಯುವಂತಿಲ್ಲ. ಆದ್ದರಿಂದ ಎರಡು ಕಾಲಿನ ಮೇಲೆ ನಿಂತ ಲೆಕ್ಕ ಇಲ್ಲಿ ಒಂದೇ ಕಾಲಿನ ಮೇಲೆ ನಿಲ್ಲಬೇಕು. ಮೈತುಂಬಿಕೊಳ್ಳುವ ಗುಣಕ್ಕಾಗಿ ಹಸು ತಿನ್ನುವ ಮೇವು ನಿಮಗೆ ಬರೀ ಖರ್ಚು.

‘ಗುಡ್ಡದ ತಳಿ, ನಮ್ಮದೂ ಗುಡ್ಡ’ ಎಂಬ ಮಾತು ಕೇಳಲು ಸರಿ ಎನಿಸುತ್ತದೆ. ಹಸುವಿಗೆ ಎತ್ತರ ಗೊತ್ತಾಗುವುದಿಲ್ಲ, ಗೊತ್ತಾಗುವುದು ಶಾಖ ಮತ್ತು ತೇವ. ಹೊಟ್ಟೆಯಲ್ಲಿ ಮೇವು ಕೊಳೆಯುವಾಗ ಒಳಗೇ ಶಾಖ ಹುಟ್ಟುತ್ತದೆ. ಹಾಲು ಹೆಚ್ಚಿದಷ್ಟೂ ಮೇವು ಹೆಚ್ಚು, ಶಾಖವೂ ಹೆಚ್ಚು. ಅದನ್ನು ಹೊರಹಾಕಲು ಗಾಳಿ ತಂಪಾಗಿರಬೇಕು ಅಥವಾ ಒಣಗಿರಬೇಕು. ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಸೂಚ್ಯಂಕವೊಂದಿದೆ. ಹಾಲಿನ ಹಸುಗಳಿಗೆ ಅದು 72 ದಾಟಿದರೆ ತೊಂದರೆಯ ಆರಂಭ ಎಂದು ಹಿಡಿಯುತ್ತೇವೆ. ಆಲ್ಪ್ಸ್‌ನ ಬೇಸಗೆಯ ಮಧ್ಯಾಹ್ನ 20 ಡಿಗ್ರಿ, ತೇವಾಂಶ 60 ಎಂದರೆ ಸೂಚ್ಯಂಕ 66. ರಾತ್ರಿ ಇನ್ನೂ ಇಳಿದು ಹಸು ಪೂರ್ತಿ ತಣಿಯುತ್ತದೆ. ನಿಮ್ಮಲ್ಲಿ ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ 32 ಡಿಗ್ರಿ, ತೇವಾಂಶ 45 ಇದ್ದರೆ ಅದು 80. ಮಳೆಗಾಲದಲ್ಲಿ 22 ಡಿಗ್ರಿ ಇದ್ದ ದಿನ 71, ಪರವಾಗಿಲ್ಲ. ಆದರೆ ಮಳೆ ಬಿಟ್ಟು 25 ಡಿಗ್ರಿಗೆ ಏರಿ ತೇವಾಂಶ 95ರಲ್ಲೇ ನಿಂತರೆ 76. ನಮಗೆ ತಂಪು ಎನಿಸುವ ಆ ಜಿನುಗು ದಿನದಲ್ಲಿ ಶುದ್ಧ ತಳಿಯ ಹಸು ಬಾಯಿ ಬಿಟ್ಟು ಏದುಸಿರು ಬಿಡದಿರಬಹುದು. ಮೇವು ಮಾತ್ರ ಬಿಡುತ್ತದೆ. ಒಂದು ವಾರದಲ್ಲಿ ಹಾಲು ಇಳಿಯುತ್ತದೆ, ಬೆದೆ ಕಾಣಿಸದೆ ಹೋಗುತ್ತದೆ. ಬ್ರೌನ್ ಸ್ವಿಸ್ ಹಸು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಗಿಂತ ಬಿಸಿಲನ್ನು ಸ್ವಲ್ಪ ಚೆನ್ನಾಗಿ ತಾಳುತ್ತದೆ ಎಂಬುದು ನಿಜ. ಆ ಹೋಲಿಕೆ ಎಚ್‌ಎಫ್ ಜೊತೆಗೆ ಮಾತ್ರ; ನಿಮ್ಮ ಗಿಡ್ಡದ ಜೊತೆಗಲ್ಲ.

ಕಾಯಿಲೆ ಕಡಿಮೆ ಎಂಬುದೂ ಅಷ್ಟೇ. ಗೊರಸು ಗಟ್ಟಿ, ಕಾಲು ಗಟ್ಟಿ, ಸೂಲುಗಳ ಸಂಖ್ಯೆ ಹೆಚ್ಚು: ಇಷ್ಟು ಒಪ್ಪೋಣ. ಮಲೆನಾಡಿನಲ್ಲಿ ಮಿಶ್ರತಳಿ ದನಗಳನ್ನು ಕೆಡವುವುದು ಉಣ್ಣೆ (ರಕ್ತ ಹೀರುವ ಉಣುಗು) ತರುವ ಥೈಲೇರಿಯಾ, ಬಬೇಸಿಯಾ, ಅನಾಪ್ಲಾಸ್ಮಾ ರೋಗಗಳು. ಅವುಗಳ ಎದುರು ಆಲ್ಪ್ಸ್ ತಳಿಗೆ ತಲೆಮಾರಿನಿಂದ ಬಂದ ಶಕ್ತಿ ಏನೂ ಇಲ್ಲ. ಇದರ ಜೊತೆಗೆ ಬ್ರೌನ್ ಸ್ವಿಸ್ ಸಾಲಿನಲ್ಲಿ ತನ್ನದೇ ಆದ ಕೆಲವು ಆನುವಂಶಿಕ ದೋಷಗಳಿವೆ. ವೀವರ್ ಎಂಬುದರಲ್ಲಿ ಕರು ಐದರಿಂದ ಎಂಟು ತಿಂಗಳ ತನಕ ಚೆನ್ನಾಗಿ ಬೆಳೆದು ಆಮೇಲೆ ಹಿಂಗಾಲು ತಡವರಿಸಲು ಶುರುವಾಗುತ್ತದೆ. ಎಸ್‌ಎಂಎ ಎಂಬುದರಲ್ಲಿ ಕರುವಿನ ಸ್ನಾಯು ಸೊರಗಿ ಕೆಲವೇ ವಾರಗಳಲ್ಲಿ ಸಾಯುತ್ತದೆ. ಎಸ್‌ಡಿಎಂನಲ್ಲಿ ಹುಟ್ಟಿದ ಕರು ಏಳುವುದೇ ಇಲ್ಲ. ಎರಡೂ ಕಡೆಯಿಂದ ದೋಷ ಬಂದರೆ ಮಾತ್ರ ಇವು ಹೊರಬೀಳುತ್ತವೆ. ಆದ್ದರಿಂದ ಮೊದಲ ತಲೆಮಾರಿನಲ್ಲಿ ಭಯವಿಲ್ಲ. ಅದೇ ಸಾಲಿನ ವೀರ್ಯವನ್ನು ಮಗಳು ಕಡಸಿಗೂ ಕೊಡಿಸಿದಾಗ ತೊಂದರೆ ಬರುತ್ತದೆ.

ಎ2 ಬಗ್ಗೆ ಹೇಳುವುದಾದರೆ, ಬ್ರೌನ್ ಸ್ವಿಸ್‌ನಲ್ಲಿ ಎ2 ರೂಪ ಎಚ್‌ಎಫ್‌ಗಿಂತ ಹೆಚ್ಚು ಕಾಣುತ್ತದೆ. ಆದರೆ ಪ್ರತಿ ಹಸುವೂ ಎ2 ಅಲ್ಲ, ಹೋರಿಯನ್ನು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ಎ2 ಹಾಲೇ ನಿಮ್ಮ ಗುರಿಯಾದರೆ ಅದು ಬಹುಮಟ್ಟಿಗೆ ಈಗಾಗಲೇ ನಿಮ್ಮ ಗಿಡ್ಡಗಳ ಕೆಚ್ಚಲಿನಲ್ಲಿದೆ.

ಗಿಡ್ಡದ ವಿಷಯಕ್ಕೆ ಬರುತ್ತೇನೆ. ಮೈತುಂಬಿದ ಗಿಡ್ಡ ಹಸುವಿನ ತೂಕ ನೂರು ಕಿಲೋ ಆಸುಪಾಸು, ಅದರ ಕರು ಹತ್ತು ಕಿಲೋ ಒಳಗೆ ಹೊರಗೆ. ಬ್ರೌನ್ ಸ್ವಿಸ್ ಕರು ಹುಟ್ಟುವಾಗಲೇ 40 ಕಿಲೋ ದಾಟಿರುತ್ತದೆ. ಮಿಶ್ರ ಕರು ತಾಯಿಯ ಗರ್ಭದ ಅಳತೆಗೆ ಸ್ವಲ್ಪ ಕುಗ್ಗಿಕೊಂಡರೂ ಗಿಡ್ಡದ ಸೊಂಟದ ಎಲುಬಿನ ಕಿಂಡಿಯಲ್ಲಿ ಹಿಡಿಯುವುದಿಲ್ಲ. ಮುಂಗಾಲು ಎರಡೂ ಕಂಡು ತಲೆ ಸಿಕ್ಕಿಕೊಂಡ ಸ್ಥಿತಿಯಲ್ಲಿ ನಾಲ್ಕು ಜನ ಹಗ್ಗ ಹಾಕಿ ಎಳೆದರೆ ಕರುವೂ ಉಳಿಯುವುದಿಲ್ಲ, ತಾಯಿಯ ನರ ಜಜ್ಜಿ ಅದು ಮೇಲೇಳುವುದೂ ಇಲ್ಲ. ಇದು ‘ಆದರೂ ಆಗಬಹುದು’ ಎನ್ನುವ ಅಪಾಯವಲ್ಲ, ಆಗುವ ಸಂಭವವೇ ಹೆಚ್ಚು. ಗಿಡ್ಡಕ್ಕೆ ಗಿಡ್ಡದ ಹೋರಿಯೇ ಇರಲಿ. ಅಷ್ಟು ಕಡಿಮೆ ಮೇವಿನಲ್ಲಿ, ಅಷ್ಟು ಮಳೆಯಲ್ಲಿ ಬದುಕುವ ದನವನ್ನು ಬೆರಕೆ ಮಾಡಿ ಕಳೆದುಕೊಂಡರೆ ಮತ್ತೆ ಸಿಗುವುದಿಲ್ಲ.

ಹಾಗಾದರೆ ದಾರಿ ಯಾವುದು? ಇದಕ್ಕೆ ಉತ್ತರ ನಮ್ಮ ಪಕ್ಕದಲ್ಲೇ ಇದೆ. ಕೇರಳದ ಮುನ್ನಾರ್ ಬಳಿಯ ಮಾಟ್ಟುಪೆಟ್ಟಿಯಲ್ಲಿ 1963ರಲ್ಲಿ ಇಂಡೋ-ಸ್ವಿಸ್ ಯೋಜನೆ ಶುರುವಾಯಿತು. ಜಾಗ ಸುಮಾರು 1,700 ಮೀಟರ್ ಎತ್ತರದ್ದು, ಮೂಡಿಗೆರೆಗಿಂತ ಬಹಳ ತಂಪು. ಸ್ವಿಸ್ ದನಗಳನ್ನೇ ಅಲ್ಲಿಗೆ ತಂದರು. ಹಾಗಿದ್ದೂ ರೈತರಿಗೆ ಶುದ್ಧ ತಳಿ ಹಂಚಲಿಲ್ಲ. ಊರಿನ ಹಸುಗಳ ಮೇಲೆ ಬ್ರೌನ್ ಸ್ವಿಸ್ ಬಳಸಿ, ಹುಟ್ಟಿದ ಮಿಶ್ರ ಹೋರಿಗಳಲ್ಲಿ ಒಳ್ಳೆಯದನ್ನು ಆರಿಸಿ, ಮಿಶ್ರವನ್ನು ಮಿಶ್ರದ ಜೊತೆಗೇ ಕೂಡಿಸುತ್ತಾ ಹೋದರು. ಮುಂದೆ ಜರ್ಸಿ, ಎಚ್‌ಎಫ್ ಕೂಡ ಸೇರಿದವು. ಅದೇ ಸುನಂದಿನಿ. ಹರಿಯಾಣದ ಕರ್ನಾಲ್‌ನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆ ಸಾಹಿವಾಲ್ ಮತ್ತು ಕೆಂಪು ಸಿಂಧಿ ಹಸುಗಳ ಮೇಲೆ ಇದೇ ತಳಿ ಬಳಸಿ ಕರಣ್ ಸ್ವಿಸ್ ಮಾಡಿತು. ಎರಡು ಕಡೆಯೂ ಬಂದ ತೀರ್ಮಾನ ಒಂದೇ: ಹೊರಗಿನ ರಕ್ತ ಅರ್ಧದ ಆಸುಪಾಸಿನಲ್ಲಿ ನಿಲ್ಲಬೇಕು.

ಅರ್ಧ ಏಕೆಂದರೆ, ಎರಡು ದೂರದ ತಳಿ ಕೂಡಿದ ಮೊದಲ ತಲೆಮಾರಿನಲ್ಲಿ ಬೆರಕೆಯ ಕಸುವು ಪೂರ್ತಿ ಇರುತ್ತದೆ. ಆ ಕಡಸಿಗೆ ಮತ್ತೆ ಶುದ್ಧ ಹೊರತಳಿ ಕೊಡಿಸಿದರೆ ಹೊರಗಿನ ರಕ್ತ ಮುಕ್ಕಾಲಾಗುತ್ತದೆ, ಕಸುವು ಅರ್ಧಕ್ಕೆ ಇಳಿಯುತ್ತದೆ, ಉಣ್ಣೆ ಜ್ವರ ಮತ್ತು ಶಾಖದ ತೊಂದರೆ ಏರುತ್ತದೆ. ನಿಮ್ಮ ಜರ್ಸಿ ಮಿಶ್ರ ಹಸು ಈಗ ಅರ್ಧ ಎಂದುಕೊಳ್ಳೋಣ. ಅದಕ್ಕೆ ಶುದ್ಧ ಬ್ರೌನ್ ಸ್ವಿಸ್ ಕೊಡಿಸಿದರೆ ಕರು ಮುಕ್ಕಾಲು. ಅದೇ ಹಸುವಿಗೆ ಅರ್ಧ ಹೊರರಕ್ತದ ಸುನಂದಿನಿ ಹೋರಿ ಕೊಡಿಸಿದರೆ ಕರು ಅರ್ಧದಲ್ಲೇ ನಿಲ್ಲುತ್ತದೆ, ಜೊತೆಗೆ ಕಂದು ತಳಿಯ ಗೊರಸು, ಕಾಲಿನ ಗಟ್ಟಿತನದ ಒಂದು ಪಾಲೂ ಬರುತ್ತದೆ. ನನ್ನ ಸಲಹೆ ಇದು. ಸುನಂದಿನಿ ವೀರ್ಯಕ್ಕೆ ಕೇರಳ ಪಶು ಅಭಿವೃದ್ಧಿ ಮಂಡಳಿಯನ್ನು ನಿಮ್ಮ ತಾಲ್ಲೂಕು ಪಶು ಆಸ್ಪತ್ರೆಯ ಮೂಲಕ ವಿಚಾರಿಸಿ. ಇದರಲ್ಲೂ ಒಂದು ಕೊರತೆ ಉಂಟು: ಸುನಂದಿನಿ ಒಂದೇ ಅಚ್ಚಿನ ತಳಿಯಲ್ಲ. ಬಣ್ಣವೂ ಒಂದೇ ಇರದು, ಹಾಲೂ ಒಂದೇ ಇರದು. ಆದ್ದರಿಂದ ಹೋರಿಯ ತಾಯಿಯ ಹಾಲಿನ ದಾಖಲೆ ಕೇಳಿಯೇ ಆರಿಸಬೇಕು.

ಶುದ್ಧ ಬ್ರೌನ್ ಸ್ವಿಸ್ ಬಳಸಲೇಬೇಕು ಎಂದಿದ್ದರೆ ತಾಯಿ ದೊಡ್ಡ ಮೈಯ ದೇಸಿ ಹಸುವಾಗಿರಲಿ: ಸಾಹಿವಾಲ್, ಕೆಂಪು ಸಿಂಧಿ, ದೇವಣಿ. ಅದೂ ಎರಡು ಸೂಲು ಕಂಡ ಹಸು, ಕಡಸಿಗೆ ಬೇಡ. ಜರ್ಸಿ ಮಿಶ್ರ ಕಡಸಿನ ಮೊದಲ ಸೂಲಿಗೆ ಜರ್ಸಿಯೇ ಸುರಕ್ಷಿತ, ಕರು ಸಣ್ಣದಿರುತ್ತದೆ. ಶುದ್ಧ ತಳಿಯನ್ನೇ ಸಾಕುವ ಲೆಕ್ಕವನ್ನೂ ಒಮ್ಮೆ ನೋಡಿಬಿಡಿ. 600 ಕಿಲೋ ಹಸು ದಿನಕ್ಕೆ ಮೈತೂಕದ ನೂರಕ್ಕೆ 3ರಷ್ಟು, ಅಂದರೆ 18 ಕಿಲೋ ಒಣಮೇವಿನ ಅಂಶ ತಿನ್ನಬೇಕು. ನೇಪಿಯರ್‌ನಲ್ಲಿ ನೂರಕ್ಕೆ 18ರಿಂದ 20 ಮಾತ್ರ ಒಣ ಅಂಶ, ಮಳೆಗಾಲದಲ್ಲಿ ಇನ್ನೂ ಕಡಿಮೆ. ಬರೀ ಹುಲ್ಲಿನಲ್ಲಿ ತುಂಬಿಸಬೇಕಾದರೆ 90 ರಿಂದ 100 ಕಿಲೋ ಹಸಿ ಹುಲ್ಲು. ಅಷ್ಟು ನೀರು ತುಂಬಿದ ಹುಲ್ಲನ್ನು ಹಸು ತಿಂದು ಮುಗಿಸುವುದಿಲ್ಲ. ಹೊಟ್ಟೆ ತುಂಬುತ್ತದೆ, ಹಾಲಿಗೆ ಬೇಕಾದ ಸತ್ವ ಸಿಗುವುದಿಲ್ಲ. ಆಗ ಹಿಂಡಿ, ಪಶು ಆಹಾರದ ಚೀಲ ಬರಲೇಬೇಕು, ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋದಂತೆ. 350 ಕಿಲೋದ ಮಿಶ್ರ ಹಸುವಿಗೆ ಬೇಕಾದದ್ದು ಹತ್ತೂವರೆ ಕಿಲೋ ಒಣ ಅಂಶ. ಸುಮಾರು 35 ಕಿಲೋ ನೇಪಿಯರ್, ಒಂದೆರಡು ಕಿಲೋ ಒಣಹುಲ್ಲು, ಹಾಲಿನ ಅಳತೆಗೆ ತಕ್ಕ ಪಶು ಆಹಾರದಲ್ಲಿ ಅದು ನಿಭಾಯಿಸುತ್ತದೆ. ನಿಮ್ಮ ಒಂದೂವರೆ ಎಕರೆಗೆ ಇದು ಹೊಂದುತ್ತದೆ.

ಆ ವ್ಯಕ್ತಿ ಕಡ್ಡಿ ತೋರಿಸಲು ಬಂದರೆ ಅದನ್ನು ದ್ರವ ಸಾರಜನಕದ ಜಾಡಿಯಿಂದ ಹೊರಗೆ ತೆಗೆಸಬೇಡಿ. −196 ಡಿಗ್ರಿಯಿಂದ ಕೆಲವು ಕ್ಷಣ ಮೇಲೆ ಬಂದರೂ ವೀರ್ಯಾಣು ಕೆಡುತ್ತದೆ. ಬದಲಿಗೆ ಅದೇ ಕಂತಿನ ಬಳಸಿ ಎಸೆದ ಕಡ್ಡಿ ಕೇಳಿ, ಕೈಗೆ ತೆಗೆದುಕೊಂಡು ಓದಿ. ಅದರ ಮೇಲೆ ಹೋರಿಯ ಸಂಖ್ಯೆ, ತಳಿ, ವೀರ್ಯ ಕೇಂದ್ರದ ಗುರುತು, ಸಂಗ್ರಹಿಸಿದ ದಿನಾಂಕ ಮುದ್ರಿಸಿರಬೇಕು. ವಿದೇಶಿ ಹೋರಿಯಾದರೆ ವಂಶಾವಳಿ ಪತ್ರದ ಗುರುತಿನಲ್ಲಿ ಬಿಎಸ್‌ಡಬ್ಲ್ಯೂ ಎಂಬ ತಳಿ ಅಕ್ಷರ, ಅದರ ಬೆನ್ನಿಗೆ ದೇಶದ ಅಕ್ಷರ ಇರುತ್ತದೆ: ಅಮೆರಿಕಕ್ಕೆ ಯುಎಸ್‌ಎ, ಸ್ವಿಟ್ಜರ್ಲೆಂಡ್‌ಗೆ ಸಿಎಚ್‌ಇ. ಸಿಎಚ್‌ಇ ಇದ್ದ ಮಾತ್ರಕ್ಕೆ ಒರಿಜಿನಲ್ ಅಲ್ಲ. ಹೋರಿ ಅಲ್ಲಿ ಹುಟ್ಟಿತು ಎಂದಷ್ಟೇ ಅರ್ಥ. ದೋಷ ಪರೀಕ್ಷೆಯಲ್ಲಿ ಟಿಡಬ್ಲ್ಯೂ, ಟಿಎಂ, ಟಿಡಿ ಎಂದಿದ್ದರೆ ವೀವರ್, ಎಸ್‌ಎಂಎ, ಎಸ್‌ಡಿಎಂ ಮೂರರಿಂದಲೂ ಮುಕ್ತ. ಮುಂದೆ ಟಿ ಇಲ್ಲದೆ ಬರೀ ಡಬ್ಲ್ಯೂ, ಎಂ, ಡಿ ಇದ್ದರೆ ದೋಷ ಹೊತ್ತ ಹೋರಿ, ಬಿಡಿ. ಕೇಂದ್ರ ಸರ್ಕಾರದ ಅನುಮತಿ ಮತ್ತು ಆರೋಗ್ಯ ಪ್ರಮಾಣಪತ್ರ ಇಲ್ಲದೆ ವಿದೇಶಿ ವೀರ್ಯ ದೇಶದೊಳಗೆ ಬರುವಂತಿಲ್ಲ. ಈ ಕಾಗದ ತೋರಿಸದವರಿಂದ ಕೊಂಡರೆ ತಳಿ ಸುಳ್ಳಾಗುವುದಷ್ಟೇ ಅಲ್ಲ, ಹಿಂಡಿಗೆ ರೋಗವೂ ಬರಬಹುದು.

ಗಂಡು ಕರುವಿನ ಪ್ರಶ್ನೆಗೆ ನುಣುಪಾದ ಉತ್ತರ ನನ್ನಲ್ಲಿಲ್ಲ. ಮಾಂಸದ ದಾರಿ ಇಲ್ಲದಲ್ಲಿ ಗಂಡು ಕರು ಮೊದಲ ಮೂರು ತಿಂಗಳಲ್ಲೇ ಇನ್ನೂರು ಲೀಟರ್ ಹಾಲು ಕುಡಿದು, ಆಮೇಲೆ ವರ್ಷಗಟ್ಟಲೆ ಮೇವು ಬೇಡುತ್ತದೆ. ಹಾಲು ತಪ್ಪಿಸಿ ಸೊರಗಿಸುವುದು, ರಸ್ತೆಗೆ ಬಿಡುವುದು ಎರಡೂ ಕ್ರೌರ್ಯ. ಅದನ್ನು ನಾನು ಆಯ್ಕೆಯೆಂದು ಹೇಳಲಾರೆ. ಲಿಂಗ ನಿರ್ಧರಿತ ವೀರ್ಯ ಬಳಸಿದರೆ ನೂರಕ್ಕೆ ಸುಮಾರು 90 ಹೆಣ್ಣು ಕರು. ಆದರೆ ಅದರಲ್ಲಿ ವೀರ್ಯಾಣುಗಳ ಸಂಖ್ಯೆ ಕಡಿಮೆ ಇರುವುದರಿಂದ ಗಬ್ಬ ನಿಲ್ಲುವ ಪ್ರಮಾಣ ತುಸು ಇಳಿಯುತ್ತದೆ. ಬೆದೆ ಸರಿಯಾಗಿ ತೋರಿಸುವ, ಆರೋಗ್ಯವಾಗಿರುವ ಹಸುವಿಗೇ ಬಳಸಿ. ಸುನಂದಿನಿಯ ಲಿಂಗ ನಿರ್ಧರಿತ ಕಡ್ಡಿ ಸಿಗದಿದ್ದರೆ ಜರ್ಸಿ ಮಿಶ್ರದ್ದು ನೋಡಿ. ಕಂದು ಬಣ್ಣಕ್ಕಿಂತ ಹೆಣ್ಣು ಕರು ನಿಮ್ಮ ಮನೆಗೆ ಹೆಚ್ಚು ಮುಖ್ಯ. ಹುಟ್ಟಿದ ಗಂಡನ್ನು ಎತ್ತಾಗಿ ಪಳಗಿಸಬಹುದು. ಈ ತಳಿ ಆಲ್ಪ್ಸ್‌ನಲ್ಲೂ ಹಿಂದೆ ಗಾಡಿ ಎಳೆದದ್ದೇ. ಮಿಶ್ರ ಎತ್ತು ಬಿಸಿಲಿನಲ್ಲಿ ಬೇಗ ಸುಸ್ತಾಗುತ್ತದೆ. ಬೆಳಿಗ್ಗೆ, ಸಂಜೆ ಗೊಬ್ಬರ ಸಾಗಿಸುವ ಕೆಲಸಕ್ಕೆ ಆದೀತು.

ಮಿಶ್ರ ಕರು ಬಂದ ಮೇಲೆ ನೋಡಿಕೊಳ್ಳಬೇಕಾದದ್ದು ಮುಖ್ಯವಾಗಿ ಉಣ್ಣೆ ಮತ್ತು ಒದ್ದೆ. ವಾರಕ್ಕೊಮ್ಮೆ ಕಿವಿಯ ಒಳಭಾಗ, ಬಾಲದ ಬುಡ, ಕೆಚ್ಚಲ ಸಂದಿ ಬೆರಳಾಡಿಸಿ ಉಣ್ಣೆ ನೋಡಿ. ಜ್ವರ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿ, ಭುಜದ ಮುಂದಿನ ಗಂಟು ನಿಂಬೆಗಾತ್ರಕ್ಕೆ ಊದಿ, ಒಸಡು ಬಿಳುಚಿಕೊಂಡರೆ ಬೇರೆ ಚುಚ್ಚುಮದ್ದು ಕೊಡಿಸುವ ಮೊದಲು ರಕ್ತದ ಲೇಪ ಪರೀಕ್ಷೆ ಮಾಡಿಸಿ. ಥೈಲೇರಿಯಾಕ್ಕೆ ಬೂಪಾರ್ವಕ್ವೋನ್ ಎಂಬ ಔಷಧ ಬೇಗ ಬಿದ್ದಷ್ಟೂ ಉಳಿಯುವ ಸಾಧ್ಯತೆ ಹೆಚ್ಚು. ಮಳೆಗಾಲದಲ್ಲಿ ಕೊಟ್ಟಿಗೆಯ ನೆಲ ಒಣಗಿರುವಂತೆ ಇಳಿಜಾರು ಇರಲಿ, ವಾರಕ್ಕೆರಡು ಸಲ ನೂರಕ್ಕೆ 5ರ ಮೈಲುತುತ್ತದ ನೀರಿನಲ್ಲಿ ಗೊರಸು ಅದ್ದಿಸಿ, ಆ ನೀರನ್ನು ದನ ಕುಡಿಯದಂತೆ, ಹಳ್ಳಕ್ಕೆ ಹರಿಯದಂತೆ ನೋಡಿಕೊಳ್ಳಿ. ಬೇಸಗೆಯಲ್ಲಿ ಮೇವಿನ ಹೆಚ್ಚು ಪಾಲನ್ನು ಸಂಜೆ ಏಳರ ಮೇಲೆ ಹಾಕಿ.

ಶುದ್ಧ ಬ್ರೌನ್ ಸ್ವಿಸ್ ವೀರ್ಯ ಬಳಸಿದಾಗ ಎಲ್ಲರೂ ತಪ್ಪುವ ಒಂದು ಲೆಕ್ಕವಿದೆ. ಜರ್ಸಿ, ಎಚ್‌ಎಫ್‌ಗೆ 280 ದಿನ ಎಂದು ಎಣಿಸುತ್ತೇವೆ. ಬ್ರೌನ್ ಸ್ವಿಸ್ ತಳಿಯಲ್ಲಿ ಗರ್ಭದ ಅವಧಿ 290 ದಿನದ ಹತ್ತಿರ. ಮಿಶ್ರ ಕರುವಿದ್ದರೂ ಕೆಲವು ದಿನ ಮುಂದೆ ಹೋಗುತ್ತದೆ. ದಿನ ದಾಟಿತೆಂದು ಗಾಬರಿಯಾಗಿ ನೋವು ಬರಿಸುವ ಚುಚ್ಚುಮದ್ದು ಕೊಡಿಸಿದರೆ ಬಲಿಯದ ಕರು ಹುಟ್ಟುತ್ತದೆ, ಮಾಸು ಬೀಳುವುದಿಲ್ಲ. ಕೃತಕ ಗರ್ಭಧಾರಣೆ ಮಾಡಿಸಿದ ದಿನವನ್ನೂ ಹೋರಿಯ ಸಂಖ್ಯೆಯನ್ನೂ ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ. ಹಾಲು ಬತ್ತಿಸುವುದನ್ನು 225ನೇ ದಿನಕ್ಕೆ ಶುರು ಮಾಡಿ. ಹಸು ಚುರುಕಾಗಿದ್ದು, ಮೇವು ತಿನ್ನುತ್ತಿದ್ದು, ದುರ್ವಾಸನೆಯ ಲೋಳೆ ಇಲ್ಲದಿದ್ದರೆ 292ನೇ ದಿನದವರೆಗೆ ಕಾಯಬಹುದು. ಅದನ್ನೂ ದಾಟಿದರೆ ಚುಚ್ಚುಮದ್ದಿಗೆ ಮುಂಚೆ ವೈದ್ಯರು ಕೈಹಾಕಿ ಕರುವಿನ ಭಂಗಿ ನೋಡಲಿ.